ಮೊದಲು ಒಂದು ತಟ್ಟೆ ಎತ್ತು

ಹ್ಯೂಸ್ಟನ್‌ನಲ್ಲಿ ಓದುವಾಗ, ಕಾಲೇಜಿನ ಅಮೆರಿಕನ್ ಫುಟ್‌ಬಾಲ್ (ಚೆಂಡನ್ನು ಕೈಯಲ್ಲಿ ಹಿಡಿದು ಓಡೋ ಆಟ) ತಂಡದ ಪ್ರಾಕ್ಟೀಸನ್ನು ಅಟ್ಟಣಿಗೆ ಮೇಲಿಂದ ವಿಡಿಯೊ ಮಾಡೋ ಕೆಲಸ ಸಿಕ್ಕಿತ್ತು. ಅವತ್ತು ಕೋಚ್ ಸ್ಕ್ರೀನ್ ಪಾಸ್ ಅನ್ನೋ ತಂತ್ರ ಕಲಿಸುತ್ತಿದ್ದರು. ರನ್ನಿಂಗ್ ಬ್ಯಾಕ್ ಅನ್ನೋ ಆಟಗಾರ, ನುಗ್ಗಿಬರುವ ಎದುರಾಳಿಗಳನ್ನು ತಡೆಯುವವನಂತೆ ನಟಿಸಿ ಮೆಲ್ಲಗೆ ಪಕ್ಕಕ್ಕೆ ಜಾರಿಕೊಳ್ಳಬೇಕು. ಚೆಂಡು ಅವರ ತಲೆ ಮೇಲಿಂದ ಇವನ ಕೈಗೆ ಬರುತ್ತದೆ. ನಮ್ಮವನು ನಟಿಸದೆ ಸೀದಾ ಜಾರುತ್ತಿದ್ದ, ಪ್ರತಿ ಸಲ ಸಿಕ್ಕಿಬೀಳುತ್ತಿದ್ದ.

ಬೇಸತ್ತ ಕೋಚ್ ತಲೆಯೆತ್ತಿ ಕೂಗಿದರು: "ಮೇಲಿಂದ ನಿನಗೇನು ಕಾಣ್ತಿದೆಯಮ್ಮ?"

"ಸರ್, ಪಾತ್ರೆ ತೊಳೆಯೋದು ತಪ್ಪಿಸ್ಕೋಬೇಕಾದ್ರೆ ನಾವು ಮೊದಲು ಎಲ್ಲರಿಗೂ ಕಾಣೋ ಹಾಗೆ ಒಂದು ತಟ್ಟೆ ಎತ್ತುತ್ತೀವಿ. ಇವನು ಏನೂ ಎತ್ತದೇ ಓಡ್ತಿದ್ದಾನೆ."

ಕೋಚ್ ಹೊಟ್ಟೆ ಹಿಡ್ಕೊಂಡು ನಕ್ಕರು. "ಕೇಳಿಸ್ತೇನೋ? ಮೊದಲು ತಟ್ಟೆ ಎತ್ತು!"

ಮುಂದಿನ ಸಲ ಅವನು ಒಬ್ಬನಿಗೆ ಭುಜ ತಾಗಿಸಿ, ಜಾರಿ, ಚೆಂಡು ಹಿಡಿದು ಗೆರೆ ದಾಟಿಯೇಬಿಟ್ಟ.

ಆ ಭಾನುವಾರ ಪಕ್ಕದ ಊರು ಶುಗರ್ ಲ್ಯಾಂಡ್‌ನ ಸುಮಾ ಆಂಟಿ ಮನೆ ಊಟದಲ್ಲಿ ಇದನ್ನು ಜಂಬದಿಂದ ಹೇಳಿದೆ. ಊಟ ಮುಗಿದ ಮೇಲೆ ಒಂದು ತಟ್ಟೆ ಎತ್ತಿ, ಸಿಂಕಲ್ಲಿಟ್ಟು ತಿರುಗಿದೆ. ಆಂಟಿ ಅಡುಗೆಮನೆ ಬಾಗಿಲಿಗೆ ಅಡ್ಡ ನಿಂತಿದ್ದರು, ಕೈಯಲ್ಲಿ ಪಾತ್ರೆ ಉಜ್ಜೋ ಸ್ಕ್ರಬ್ಬರ್.

"ಹಿಡ್ಕೊಳ್ಳೇ ಪುಟ್ಟಿ," ಅಂತ ಎಸೆದರು.

ಹಿಡಿದೇನೋ ಹಿಡಿದೆ. ಓಡೋಕೆ ಜಾಗ ಇರಲಿಲ್ಲ.