ಸುಮ್ಮನೆ ಇರುವ ಲೂಪ್

ಉರ್ವದ ಯಶ್ಮಿತಾಳ ಮನೆಯವರೆಲ್ಲ ಮೀನುಗಾರರು. ಅವಳು ಮಾತ್ರ ಪಡೀಲಿನ ಸಣ್ಣದೊಂದು ಕಂಪೆನಿಯಲ್ಲಿ ಕಂಪೈಲರ್ ಕಟ್ಟುತ್ತಿದ್ದಳು. ಮನುಷ್ಯರು ಬರೆದ ಪ್ರೋಗ್ರಾಮನ್ನು ಯಂತ್ರದ ಭಾಷೆಗೆ ತಿರುಗಿಸಿ, ಬೇಡದ್ದನ್ನು ಕಿತ್ತು ಚಿಕ್ಕದು ಮಾಡಿಕೊಡುವುದು ಅದರ ಕೆಲಸ. ಕಂಪೆನಿಯವರು ಐಸ್ ಪ್ಲಾಂಟಿನ ಕಂಪ್ರೆಸರನ್ನು ನಡೆಸುವ ಪೆಟ್ಟಿಗೆಗಳನ್ನು ಮಾಡುತ್ತಿದ್ದರು. ಪೆಟ್ಟಿಗೆಯ ಪ್ರೋಗ್ರಾಮ್ ಬರೆಯುತ್ತಿದ್ದವನು ಅಯ್ಯೂಬ್. ಧಣಿಯ ಬಳಿ ಮಾತಾಡಿ ಅವಳಿಗೆ ಕೆಲಸ ಕೊಡಿಸಿದವನೂ ಅವನೇ. ಅವನು ತನ್ನ ಕಂಪೈಲರನ್ನು ನಂಬಿ ಬಳಸಬೇಕು ಎನ್ನುವುದೊಂದೇ ಅವಳ ಆಸೆ.

ಯಶ್ಮಿತಾ ಕಂಪೈಲರನ್ನು ಸಾಲು ಸಾಲಾಗಿ ಬರೆಯುತ್ತಿರಲಿಲ್ಲ. ಭಾಷೆಯಲ್ಲಿ ಏನೇನಿದೆ, ಯಾವುದನ್ನು ಯಾವಾಗ ತೆಗೆಯಬಹುದು ಎಂಬುದನ್ನೆಲ್ಲ ನಕ್ಷೆಯಂಥ ಒಂದು ಮಾದರಿಯಲ್ಲಿ ಇಡುತ್ತಿದ್ದಳು. ಮಾದರಿಯಿಂದ ಕಂಪೈಲರ್ ತಾನಾಗಿ ಹುಟ್ಟುತ್ತಿತ್ತು.

"ಬಲೆ ನೇಯುವ ಮಿಷನ್‌ಗೆ ಕಣ್ಣಿನ ಅಳತೆ ಹೇಳಿದ ಹಾಗೆ ಅಪ್ಪ," ಎಂದು ತಂದೆ ವಾಸುವಿಗೆ ವಿವರಿಸಿದ್ದಳು.

"ಹಾಗಾದ್ರೆ ಸಂಬಳ ಮಿಷನ್‌ಗೆ ಕೊಡ್ಲಿ, ನಿನಗೆಂತಕ್ಕೆ?" ಎಂದು ಅವನು ನಕ್ಕಿದ್ದ.

ಒಂದು ದಿನ ಅಯ್ಯೂಬನ ಪ್ರೋಗ್ರಾಮಿನಲ್ಲಿ ಅವಳಿಗೆ ಖಾಲಿ ಲೂಪ್ ಕಂಡಿತು. ಯಂತ್ರ ಅಲ್ಲಿ ಎಣಿಸಿದಷ್ಟು ಸಲ ಸುತ್ತುತ್ತದೆ, ಒಳಗೆ ಕೆಲಸವಿಲ್ಲ.

"ಅಯ್ಯೂಬಣ್ಣ, ಈ ಲೂಪ್ ಎಂತಕ್ಕೆ?"

ಅಯ್ಯೂಬ್ ಫೋನಿನಲ್ಲಿ ಯಾರೊಡನೆಯೋ ಮಾತಾಡುತ್ತಿದ್ದ. ಫೋನಿಗೆ ಕೈ ಮುಚ್ಚಿ, "ಅದಾ? ಅದು ಸುಮ್ಮನೆ ಇರುವುದು ಮಾರಾಯ್ತಿ," ಎಂದ.

ಯಶ್ಮಿತಾ ಮಾದರಿಯಲ್ಲಿ ಖಾಲಿ ಲೂಪಿನ ಎದುರು 'ಪರಿಣಾಮವಿಲ್ಲ' ಎಂದು ಗುರುತು ಹಾಕಿದಳು. ಹೊಸ ಕಂಪೈಲರ್ ಅಂಥ ಲೂಪುಗಳನ್ನೆಲ್ಲ ಕಿತ್ತುಹಾಕಿತು. ಮೇಜಿನ ಮೇಲೆ ಪೆಟ್ಟಿಗೆ ಚುರುಕಾಗಿ ನಡೆಯಿತು. ಅಲ್ಲಿ ಕಂಪ್ರೆಸರ್ ಇರಲಿಲ್ಲ. ಅಯ್ಯೂಬ್ ಖುಷಿಯಿಂದ ಅವಳಿಗೆ ಗಡ್‌ಬಡ್ ಐಸ್‌ಕ್ರೀಂ ಕೊಡಿಸಿ, "ನನ್ನ ಪ್ರೋಗ್ರಾಮಿನ ಕೊಬ್ಬು ಇಳಿಸಿದ ಡಾಕ್ಟರ್ ಇವಳು," ಎಂದು ಎಲ್ಲರಿಗೂ ಹೇಳಿದ.

ಪೆಟ್ಟಿಗೆ ಹಾಕಿದ ಮೇಲೆ, ಬೋಟು ನಿಲ್ಲುವ ದಕ್ಕೆಯ ಹತ್ತಿರದ ಐಸ್ ಪ್ಲಾಂಟಿನಲ್ಲಿ ಕಂಪ್ರೆಸರಿನ ಮೋಟಾರು ಸುಟ್ಟುಹೋಯಿತು. ಕರೆಂಟು ಹೋಗಿ ಬಂದಾಗ ಕಂಪ್ರೆಸರ್ ತುಸು ಹೊತ್ತು ತಿರುಗಬಾರದು. ಒಳಗಿನ ಒತ್ತಡ ಇಳಿಯಬೇಕು. ಅಷ್ಟು ಹೊತ್ತು ಕಳೆಯಲೆಂದೇ ಅಯ್ಯೂಬ್ ಆ ಲೂಪನ್ನು ಇಟ್ಟಿದ್ದ. ಅದಿಲ್ಲದೆ ಕಂಪ್ರೆಸರ್ ಕರೆಂಟು ಬಂದ ಕೂಡಲೇ ತಿರುಗಿತ್ತು. ಐಸ್ ಇಲ್ಲದೆ ಬೋಟುಗಳು ಕಡಲಿಗೆ ಇಳಿಯಲಿಲ್ಲ.

"ಸುಮ್ಮನೆ ಅಂದ್ರಲ್ಲ. ಎಂತಕ್ಕೂ ಅಲ್ಲ ಅಂತ ತಿಳ್ಕೊಂಡೆ."

"ಮಿಷನ್ ಸುಮ್ಮನೆ ಇರುವುದು ಅಂತ ನಾನು ಹೇಳಿದ್ದು."

ಇಬ್ಬರೂ ಧಣಿಯ ಎದುರು ನಿಂತು ಬೈಗುಳ ತಿಂದರು. ಕೆಲಸ ಉಳಿಯಿತು. ಯಶ್ಮಿತಾಳ ಮಾದರಿಯಲ್ಲಿ ಲೆಕ್ಕ ಕೂಡುವುದಕ್ಕೆ, ನೆನಪಿಡುವುದಕ್ಕೆ, ಸಂದೇಶ ಕಳಿಸುವುದಕ್ಕೆ ಜಾಗವಿತ್ತು, ಕಾಯುವುದಕ್ಕೆ ಇರಲಿಲ್ಲ. ಅವಳು ಅದನ್ನೂ ಸೇರಿಸಿ, ಈ ಸಲ ನಿಜವಾದ ಕಂಪ್ರೆಸರಿಗೇ ಜೋಡಿಸಿ ನೋಡಿದಳು. ಎಲ್ಲ ಸರಿಯಿತ್ತು.

"ಒಮ್ಮೆ ಹಾಕಿ ನೋಡಿ ಅಯ್ಯೂಬಣ್ಣ."

"ಸರಿ ಇರಬಹುದು, ನೀನು ಮಾಡಿದ್ದಲ್ವಾ. ನನಗೆ ಮಾತ್ರ ಹಾಕ್ಲಿಕ್ಕೆ ಕೈ ಬರುದಿಲ್ಲ."

ಅವನು, ಅವಳು ಬರುವ ಮೊದಲು ಬಳಸುತ್ತಿದ್ದ ಹಳೆಯ ಕಂಪೈಲರಿಗೇ ಮರಳಿದ. ಪ್ರೋಗ್ರಾಮ್ ದೊಡ್ಡದಾಗಿ ಪೆಟ್ಟಿಗೆಯಲ್ಲಿ ಹಿಡಿಯದೆ ಹೋದಾಗ ಒಂದೊಂದೇ ಸಾಲನ್ನು ಓದಿ, ಯೋಚಿಸಿ, ತಾನೇ ಅಳಿಸುತ್ತಾನೆ. ಅವಳ ಕಂಪೈಲರಿಗೆ ಅದು ಕಣ್ಣು ಮಿಟುಕಿಸುವಷ್ಟರ ಕೆಲಸ. ಆ ದಿನ ತಾನು ಇನ್ನೊಂದು ಪ್ರಶ್ನೆ ಕೇಳಿದ್ದರೆ ಆಗುತ್ತಿತ್ತು ಎಂದುಕೊಂಡು ಯಶ್ಮಿತಾ ತನ್ನ ಕುರ್ಚಿಯಿಂದ ನೋಡುತ್ತಾಳೆ. ಇವತ್ತು ಅವನು ತೆಗೆಯಬಹುದಾದ ಒಂದು ಸಾಲನ್ನು ಉಳಿಸಿಕೊಂಡು ಮುಂದೆ ಹೋದ. ಅದನ್ನೂ ತೆಗೆಯಬಹುದು ಎಂಬ ಮಾತು ಅವಳ ನಾಲಿಗೆಯ ತುದಿಗೆ ಬಂತು. ಅವಳು ತನ್ನ ಮಾದರಿಯ ಕಡೆಗೆ ತಿರುಗಿದಳು.