ಕೊಂಡ ಮಗಳ ಹೆಸರು

ನನ್ನ ಹೆಸರು ತಿಪ್ಪಮ್ಮ. ಸಿಂಧನೂರಿನ ಒಂದು ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುತ್ತೇನೆ. ಪ್ರತಿ ವರ್ಷ ಎಂಟನೇ ತರಗತಿಗೆ ಹೊಸ ಮಕ್ಕಳು ಬಂದಾಗ ಹಲಗೆಯ ಮೇಲೆ ಹೆಸರು ಬರೆದು, "ನಗುವವರು ಈಗಲೇ ನಕ್ಕುಬಿಡಿ, ಆಮೇಲೆ ಪಾಠ ಇದೆ" ಎನ್ನುತ್ತೇನೆ. ಅವರು ನಗುತ್ತಾರೆ. ತರಗತಿಯಲ್ಲಿ ಯಾವನೋ ತಿಪ್ಪಣ್ಣನೋ ತಿಪ್ಪೇಶನೋ ಇದ್ದೇ ಇರುತ್ತಾನೆ. ಅವನು ಮಾತ್ರ ನಗುವುದಿಲ್ಲ, ತಲೆ ತಗ್ಗಿಸಿರುತ್ತಾನೆ. ಅವನನ್ನು ಮೊದಲ ಬೆಂಚಿಗೆ ಕರೆದು ಕೂರಿಸಿಕೊಳ್ಳುತ್ತೇನೆ.

ಸ್ಟಾಫ್ ರೂಮಿನಲ್ಲಿ ಯಾರಾದರೂ ಒಂದು ವಿಷಯವನ್ನು ತಿಪ್ಪೆ ಸಾರಿಸಿದರೆಂದು ಮಾತು ಬಂದರೆ ಉಳಿದವರು ನನ್ನ ಕಡೆ ನೋಡಿ ಬಾಯಿ ಮುಚ್ಚಿಕೊಳ್ಳುತ್ತಾರೆ. ನನಗೆ ಅದರಿಂದ ಬೇಸರವಿಲ್ಲ. ಇತಿಹಾಸದ ಮೇಷ್ಟ್ರಿಗೆ ಬೇಸರ. ಒಳ್ಳೆಯ ಮನುಷ್ಯ, ನನ್ನನ್ನು ಹೇಗಾದರೂ ತಿಪ್ಪೆಯಿಂದ ಮೇಲೆತ್ತಬೇಕೆಂದು ಅವರ ಹಟ.

"ಮೇಡಂ, ತಿಪ್ಪ ಅಂದ್ರ ತ್ರಿಪುರಾಂತಕ ಅನ್ನೋ ಹೆಸರು ಸವೆದು ಆದದ್ದು ಅಂತಾರ. ಶಾಸನದಾಗ ಆ ಹೆಸರಿನ ದಂಡನಾಯಕರದಾರ. ಹಂಪಿ ಅರಮನ್ಯಾಗ ನಿಮ್ಮ ಹೆಸರಿನ ರಾಣಿನೂ ಇದ್ಲಂತ."

ಇರಬಹುದು. ದಕ್ಷಿಣದ ಬಯಲುಸೀಮೆಯಲ್ಲಿ ತಿಪ್ಪೆಯ ಹೆಸರು ಹೊತ್ತ ಸಂತರೊಬ್ಬರಿದ್ದರೆಂದೂ, ಆ ಕಡೆ ಮನೆಗೊಬ್ಬ ತಿಪ್ಪೇಸ್ವಾಮಿ ಸಿಗುತ್ತಾನೆಂದೂ ಕೇಳಿದ್ದೇನೆ. ಕಾಲುವೆ ಕಡೆಯ ವಲಸಿಗರ ಕ್ಯಾಂಪಿನಿಂದ ಬರುವ ತೆಲುಗು ಮನೆಮಾತಿನ ಮೇಡಂ, ತಮ್ಮ ಅಜ್ಜಿಯ ಹೆಸರು ಪೆಂಟಮ್ಮ ಎಂದು ಹೇಳಿದ್ದಾರೆ. ಪೆಂಟ ಎಂದರೂ ತಿಪ್ಪೆಯೇ. ರಾಣಿಯನ್ನು ಅರಮನೆಗೆ ಎಲ್ಲಿಂದ ತಂದರೋ ನನಗೆ ಗೊತ್ತಿಲ್ಲ. ನನ್ನನ್ನು ಮಾತ್ರ ಪಾಮನಕಲ್ಲೂರಿನ ನಮ್ಮ ಮನೆಯ ಹಿಂದಿನ ತಿಪ್ಪೆಯಿಂದ ತಂದರು. ಕಸ, ಸಗಣಿ, ಒಲೆಯ ಬೂದಿ ಹಾಕುವ ಜಾಗ ಅದು.

ನನಗಿಂತ ಮೊದಲು ಅವ್ವನಿಗೆ ಹುಟ್ಟಿದ ಮೂರು ಕೂಸುಗಳು ಉಳಿದಿರಲಿಲ್ಲ. ಹಾಗಾದಾಗ ನಮ್ಮ ಕಡೆ ಒಂದು ಪದ್ಧತಿ ಇದೆ. ಹೊಸ ಕೂಸನ್ನು ಕಾಳು ಕೇರುವ ಮೊರದಲ್ಲಿ ಮಲಗಿಸಿ, ಆ ಮೊರವನ್ನು ತಿಪ್ಪೆಯ ಮೇಲಿಟ್ಟು, ಹೆತ್ತವಳು ಹೊರಳಿ ನೋಡದೆ ಬರಬೇಕು. ಬೇರೆ ಮನೆಯ ಹೆಂಗಸೊಬ್ಬಳು ತಾನಾಗಿ ಬಂದವಳಂತೆ ಬಂದು, "ಯಾರದಿದು ಕೂಸು?" ಎಂದು ಕೇಳಬೇಕು. "ಯಾರದೋ ಏನೋ, ಬೇಕಾದ್ರ ಒಯ್ಯಿ" ಎಂದು ಹೆತ್ತವಳೇ ಹೇಳಬೇಕು. ಬಂದವಳು ಒಂದು ಸೇರು ನುಚ್ಚು ಕೊಟ್ಟು ಕೂಸನ್ನು ಕೊಂಡು ತನ್ನ ಮನೆಗೆ ಒಯ್ಯುತ್ತಾಳೆ. ಸಂಜೆ ಹೆತ್ತವಳ ಕೈಗೇ ತಂದು ಕೊಟ್ಟು, "ನನ್ನ ಮಗಳನ್ನ ಸಾಕಿಕೊಡು" ಎನ್ನುತ್ತಾಳೆ. ಕಸದಲ್ಲಿ ಬಿದ್ದದ್ದು, ಪರರದ್ದು ಎಂದು ತಿಳಿದು ಸಾವು ಅದನ್ನು ಮುಟ್ಟುವುದಿಲ್ಲವಂತೆ. ಮದುವೆಗೆ ಮೊದಲು ತವರಿನವರು ಕೊಂಡವಳಿಗೆ ಜೋಳ ಅಳೆದು, ಸೀರೆ ಉಡಿಸಿ ಹುಡುಗಿಯನ್ನು ಬಿಡಿಸಿಕೊಳ್ಳಬೇಕು. ಅಲ್ಲಿಯವರೆಗೆ ಹುಡುಗಿ ಅವಳ ಮಗಳು.

ನನ್ನನ್ನು ಕೊಂಡವಳು ಎದುರು ಮನೆಯ ಪಿಂಜಾರರ ಹೆಂಗಸು. ಗಂಡ ಹೆಂಡತಿ ಇಬ್ಬರೂ ಹತ್ತಿ ಹಿಂಜಿ ಗಾದಿ ತುಂಬುತ್ತಿದ್ದರು. ಹೆತ್ತವಳನ್ನು ಅವ್ವ ಎಂದೂ ಆಕೆಯನ್ನು ಅಮ್ಮ ಎಂದೂ ಕರೆದು ಬೆಳೆದೆ. ಅಮ್ಮನಿಗೆ ಹೆಣ್ಣುಮಕ್ಕಳಿರಲಿಲ್ಲ. ನಾಲ್ಕಾರು ವರ್ಷಗಳ ಮೇಲೆ ಒಬ್ಬ ಮಗ ಹುಟ್ಟಿದ, ನನ್ನನ್ನು ಆಪಾ, ಅಂದರೆ ಅಕ್ಕ, ಎಂದೇ ಕರೆದು ಬೆಳೆದ. ಅವನು ದೊಡ್ಡವನಾಗಿ ಹಟ್ಟಿಯ ಚಿನ್ನದ ಗಣಿಯಲ್ಲಿ ಕೆಲಸಕ್ಕೆ ಸೇರಿದ ಮೇಲೆ ಅವರು ಅಲ್ಲಿನ ಕಂಪನಿ ಕ್ವಾರ್ಟರ್ಸಿಗೆ ಹೋದರು.

ಈ ವರ್ಷ ಬೇಸಿಗೆ ರಜೆ ಶುರುವಾದ ಹೊಸತರಲ್ಲಿ ಅವನ ಫೋನು ಬಂತು. ಬೆಳಿಗ್ಗೆ ನಾಷ್ಟಾಕ್ಕೆ ಒಗ್ಗರಣೆ ಮಂಡಕ್ಕಿ ಮಾಡಲು ಮಂಡಾಳು ನೆನೆಹಾಕಿದ್ದೆ.

"ಆಪಾ, ಅಮ್ಮ ಹೋದ್ಲು. ನಸುಕಿನ್ಯಾಗ."

"ಹೂಂ" ಎಂದೆ.

"ನೀ ಬರೂತನ ಎತ್ತಂಗಿಲ್ಲ. ಮಧ್ಯಾಹ್ನದ ನಮಾಜ್ ಆದಮ್ಯಾಲ ಮಣ್ಣು ಕೊಡ್ತೀವಿ."

"ಹೂಂ, ಬರ್ತೀನಿ."

ಫೋನಿಟ್ಟು ಮಂಡಾಳು ಹಿಂಡಿದೆ. ಒಗ್ಗರಣೆ ಹಾಕಿದೆ. ಅವ್ವನಿಗೆ ತಾಟಿನಲ್ಲಿ ಹಾಕಿ ಕೊಟ್ಟು ಸುದ್ದಿ ಹೇಳಿದೆ. ನಾನೂ ತಿಂದೆ. ಉಪ್ಪು ಸ್ವಲ್ಪ ಕಡಿಮೆಯಾಗಿತ್ತು, ಮೇಲೆ ಉದುರಿಸಿಕೊಂಡೆ. ಎರಡು ವಾರದ ಹಿಂದೆ ದವಾಖಾನೆಯಲ್ಲಿ ಆಕೆಯ ಕಾಲು ಒತ್ತಿ ಬಂದಿದ್ದೆ, ಆಗ ಬಸ್ಸಿನಲ್ಲಿ ಬರುವಾಗಲೇ ಅಳು ಬಂದಿತ್ತು. ಈಗ ಬರಲಿಲ್ಲ. ಒಳಗೆ ಯಾರೋ ಮೇನ್ ಸ್ವಿಚ್ ಆಫ್ ಮಾಡಿ ಹೋದಂತಿತ್ತು.

ಅವ್ವ ತಾಟು ಮುಟ್ಟಲಿಲ್ಲ. ಅಪ್ಪ ಹೋದಾಗಿನಿಂದ ಆಕೆ ನಮ್ಮ ಮನೆಯಲ್ಲೇ ಇದ್ದಾಳೆ, ಮೊಣಕಾಲು ಹಿಡಿದುಕೊಂಡು ಕಷ್ಟಪಟ್ಟು ನಡೆಯುತ್ತಾಳೆ. ಎದ್ದು ಒಳಗೆ ಹೋದವಳು ಬಹಳ ಹೊತ್ತು ಏನನ್ನೋ ಸರಿಸಾಡಿದಳು. ಬರುವಾಗ ಕೈಯಲ್ಲಿ ಒಂದು ಬಟ್ಟೆಯ ಚೀಲವಿತ್ತು. ತುಂಬ ಜೋಳ, ಮೇಲೆ ಮಡಿಕೆ ಬಿಚ್ಚದ ಒಂದು ಇಳಕಲ್ ಸೀರೆ.

"ಇದನ್ನ ಒಯ್ಯಿ. ಆಕೀನ ಎತ್ತೂದರಾಗ ಕೊಟ್ಟು ಬಾ."

"ಯಾಕ ಬೇ?"

"ನಿನ್ನ ಬಿಡಿಸಿಕೊಂಡಿಲ್ಲ."

ಮದುವೆಯಲ್ಲಿ ಆ ಶಾಸ್ತ್ರ ಆಗಿಹೋಗಿದೆ ಎಂದು ನಾನು ತಿಳಿದಿದ್ದೆ. ಅಪ್ಪನೂ ಹಾಗೇ ತಿಳಿದು ಸತ್ತ. ಅವ್ವ ಗೋಡೆಗೆ ಒರಗಿ ಕೂತು ಹೇಳಿದಳು.

"ಮೂರು ಕೂಸು ಮಣ್ಣಾಗ ಇಟ್ಟ ಕೈ ಇದು. ಬಿಡಿಸಿಕೊಂಡು, ಇಕಿ ನನ್ನಾಕಿ ಅಂದಕೂಡ್ಲೇ ನಿನ್ನೂ ಒಯ್ದ್ರ ಏನು ಮಾಡ್ಲಿ? ಅಂಜಿ ಸುಮ್ನಾದೆ. ಆಕಿನೂ ಕೇಳಲಿಲ್ಲ."

"ಈಗೇನು ಅವಸರ?"

"ಈಗ ಆಕಿ ಹೊಂಟಾಳ. ತಾ ಕೊಂಡದ್ದು ತನ್ನ ಕೂಡ ಒಯ್ತೀನಿ ಅಂದ್ರ?"

ವಿಜ್ಞಾನದ ಮೇಡಂ ಚೀಲವನ್ನು ಎತ್ತಿಕೊಂಡರು. ನಾನು ಅದನ್ನು ನಂಬಿದೆ ಎಂದಲ್ಲ. ಬೇರೆ ದಿನವಾಗಿದ್ದರೆ ಅವ್ವನಿಗೆ ಒಂದು ಗಂಟೆ ಪಾಠ ಮಾಡುತ್ತಿದ್ದೆ. ಅವತ್ತು ವಾದ ಮಾಡುವಷ್ಟು ಜೀವ ಮೈಯಲ್ಲಿರಲಿಲ್ಲ. ಚೀಲದ ಬಾಯಿಗೆ ಗಂಟು ಹಾಕಿಕೊಂಡೆ, ಅಷ್ಟೇ.

ಲಿಂಗಸುಗೂರು ಬಸ್ಸಿನಲ್ಲಿ ಕಿಟಕಿಯ ಪಕ್ಕ ಸೀಟು ಸಿಕ್ಕಿತು. ಚೀಲವನ್ನು ತೊಡೆಯ ಮೇಲಿಟ್ಟುಕೊಂಡೆ. ಕಂಡಕ್ಟರ್ ಆಧಾರ್ ಕಾರ್ಡಿನಲ್ಲಿ ಹೆಸರು ನೋಡಿ, ಮುಖ ನೋಡಿ, ಹೆಂಗಸರ ಉಚಿತ ಟಿಕೆಟ್ ಹರಿದು ಕೊಟ್ಟ.

"ಚೀಲದಾಗ ಏನೈತ್ರೀ ಅಕ್ಕಾರ?"

"ಜೋಳ. ಹಟ್ಟಿಗೆ ಒಯ್ಯಾಕತ್ತೀನಿ."

"ಬಂಗಾರದ ಊರಿಗೆ ಜೋಳ ಒಯ್ತೀರಲ್ರಿ!" ಎಂದು ನಕ್ಕ. ನಾನೂ ಹಲ್ಲು ತೋರಿಸಿದೆ. ಮುಖ ತನ್ನ ಕೆಲಸವನ್ನು ತಾನು ಮಾಡಿಕೊಂಡು ಹೋಗುತ್ತಿತ್ತು.

ಮಸ್ಕಿಯಲ್ಲಿ ಬಸ್ಸು ಬಹಳ ಹೊತ್ತು ನಿಂತಿತು. ಸಂತೆಕಲ್ಲೂರಿಗೆ ಹೋಗುವ ಹೆಂಗಸರು ಬುಟ್ಟಿಗಳ ಸಮೇತ ಹತ್ತಿದರು. ನನ್ನ ಪಕ್ಕ ಕೂತವಳು ಎಲೆ ಅಡಿಕೆ ಕೊಟ್ಟಳು, ಹಾಕಿಕೊಂಡೆ. ಅಮ್ಮನನ್ನು ನೆನಪು ಮಾಡಿಕೊಳ್ಳಬೇಕೆಂದು ಪ್ರಯತ್ನಪಟ್ಟೆ. ಹತ್ತಿ ಹಿಂಜುವ ಬಿಲ್ಲಿನ ಸದ್ದು ನೆನಪಾಯಿತು. ಆಕೆಯ ಹುಬ್ಬಿನ ಮೇಲೆ, ಕಿವಿಯ ಹಿಂದೆ ಯಾವಾಗಲೂ ಹತ್ತಿಯ ಎಳೆ ಇರುತ್ತಿತ್ತು. ರಂಜಾನಿಗೊಂದು, ಯುಗಾದಿಗೊಂದು ಕುಪ್ಪಸದ ಕಣ ತಂದು ಕೊಡುತ್ತಿದ್ದಳು. ನನ್ನ ಮದುವೆಗೆ ತಾನೇ ತುಂಬಿದ ಗಾದಿಯನ್ನು ಟೆಂಪೋದಲ್ಲಿ ಹಾಕಿಸಿಕೊಂಡು ಬಂದಿದ್ದಳು, ಅರಿಶಿನದ ದಿನ ಬೆಳಿಗ್ಗೆ, ಗಾದಿಯ ಮೇಲೆಯೇ ಕೂತು. ಎಲ್ಲ ನೆನಪಾಯಿತು. ಯಾವುದೂ ನೋಯಲಿಲ್ಲ. ಬೇರೆಯವರ ಮದುವೆಯ ಫೋಟೋ ನೋಡಿದ ಹಾಗೆ ನೋಡಿದೆ.

ಇನ್ನೊಂದು ಮಾತೂ ನೆನಪಾಯಿತು. ಊರಿನಲ್ಲಿ ಎಲ್ಲರೂ ನನ್ನನ್ನು ತಿಪ್ಪಿ ಎನ್ನುತ್ತಿದ್ದರು. ಅಮ್ಮ ಮಾತ್ರ ಓಣಿಗೆಲ್ಲ ಕೇಳುವಂತೆ ಪೂರ್ತಿ ಹೆಸರು ಕೂಗುತ್ತಿದ್ದಳು. ಕಾಲೇಜಿಗೆ ಸೇರುವ ಮೊದಲು ನನಗೆ ತೃಪ್ತಿ ಎಂದು ಹೆಸರು ಬದಲಿಸಿಕೊಳ್ಳುವ ಹುಚ್ಚು ಹತ್ತಿತ್ತು. ಹೋಗಿ ಆಕೆಗೆ ಹೇಳಿದೆ. ಆಕೆ ಸೂಜಿ ನಿಲ್ಲಿಸದೆ ಗಾದಿ ಹೊಲಿಯುತ್ತಲೇ ಹೇಳಿದಳು:

"ಬ್ಯಾಡ. ಅದು ನನ್ನ ರಸೀದಿ. ರಸೀದಿ ಕಳದ್ರ ನಿನ್ನ ಯಾರರ ಬಂದು ತಮ್ಮಾಕಿ ಅಂತಾರ. ನಮ್ಮಾಗೂ ಘೂಡೂಸಾಬ್ ಅಂತ ಇಡ್ತಾರ, ಘೂಡ ಅಂದ್ರೂ ತಿಪ್ಪಿನ. ಅವರೇನು ಸತ್ರಾ?"

ನಾನು ಹೆಸರು ಬದಲಿಸಲಿಲ್ಲ. ಆಕೆಯ ಮಾತು ಕೇಳಿದ್ದಕ್ಕೆ ಬಿಟ್ಟೆನೋ, ಅಪ್ಪ ಕಚೇರಿಗೆ ಅಲೆಯಲು ಒಪ್ಪದ್ದಕ್ಕೆ ಬಿಟ್ಟೆನೋ, ಈಗ ಹೇಳಲಾರೆ.

ಲಿಂಗಸುಗೂರಿನಲ್ಲಿ ಬಸ್ಸು ಬದಲಿಸಿ ಹಟ್ಟಿ ತಲುಪಿದಾಗ ಬಿಸಿಲು ನೆತ್ತಿಗೆ ಬಂದಿತ್ತು. ಕ್ವಾರ್ಟರ್ಸಿನ ಮುಂದೆ ಶಾಮಿಯಾನ ಹಾಕಿದ್ದರು. ಬೆಳಗಿನ ಪಾಳಿ ಬಿಟ್ಟು ಬಂದ ಗಂಡಸರು ಪ್ಲಾಸ್ಟಿಕ್ ಕುರ್ಚಿಗಳಲ್ಲಿ ಕೂತಿದ್ದರು. ಒಳಗೆ ಹೆಂಗಸರು ಜಾಗ ಬಿಟ್ಟು ಕೊಟ್ಟರು. ಹೆಣಕ್ಕೆ ಸ್ನಾನ ಮಾಡಿಸಿದ ಮುದುಕಿ ನನ್ನ ತಲೆಯ ಮೇಲೆ ಸೆರಗು ಎಳೆದು, ಅರ್ಧ ದಕ್ಖನಿ, ಅರ್ಧ ಕನ್ನಡದಲ್ಲಿ ಹೇಳಿದಳು. ಬೆಳಿಗ್ಗೆ ಈ ಮುದುಕಿ "ಇನೋಕು ಬೇಟಿ ಹೈ ಕ್ಯಾ?" ಎಂದು ಕೇಳಿದ್ದಳಂತೆ. ಮಗ "ಹೈ. ಸಿಂಧನೂರ್ ಸೇ ಆರೈ" ಎಂದನಂತೆ. ಮಗಳಿದ್ದಾಳೆ, ಸಿಂಧನೂರಿನಿಂದ ಬರುತ್ತಿದ್ದಾಳೆ ಎಂದು. "ಅದಕ್ಕ ಮುಖ ಮುಚ್ಚಿಲ್ಲಮ್ಮಾ, ನೋಡು" ಎಂದಳು.

ನೋಡಿದೆ. ಬಿಳಿ ಬಟ್ಟೆಯ ನಡುವೆ ಆಕೆಯ ಮುಖ ಸಣ್ಣದಾಗಿತ್ತು. ಅತ್ತರು, ಕರ್ಪೂರದ ವಾಸನೆ. ಮೂಗಿಗೆ ಹತ್ತಿ ಇಟ್ಟಿದ್ದರು, ಅಂಗಡಿಯ ಸುರುಳಿಯ ಹತ್ತಿ, ಸರಿಯಾಗಿ ಹಿಂಜಿರಲಿಲ್ಲ. ಆಕೆ ಎದ್ದಿದ್ದರೆ ತಂದವರನ್ನು ಚೆನ್ನಾಗಿ ಬೈಯುತ್ತಿದ್ದಳು. ಅಷ್ಟು ಯೋಚಿಸಿದೆ, ಬೇರೇನೂ ಹೊಳೆಯಲಿಲ್ಲ. ಸುತ್ತಲಿನ ಹೆಂಗಸರು ನಾನು ಅಳುತ್ತೇನೆಂದು ಕಾದರು. ಕಾದು ಸಾಕಾಗಿ ಅವರೇ ಅತ್ತರು.

ಚೀಲ ಇನ್ನೂ ಕೈಯಲ್ಲೇ ಇತ್ತು. ಎತ್ತುವ ಹೊತ್ತು ಹತ್ತಿರವಾಯಿತೆಂದು ಹೇಳಲು ಮಗ ಬಾಗಿಲಿಗೆ ಬಂದ. ನಾನು ಎದ್ದು ಅವನ ಬಳಿ ಹೋದೆ. ಬಾಯಿ ತೆರೆಯುವ ಮೊದಲೇ ಅವನು ಕೇಳಿದ.

"ಆಪಾ, ಚೀಲದಾಗ ಜೋಳ ಐತೇನು?"

"ಹೂಂ."

"ಸೀರಿನೂ?"

"ಹೂಂ. ಅವ್ವ ಕೊಟ್ಟು ಕಳಿಸ್ಯಾಳ."

ಅವನು ಕಣ್ಣು ಒರೆಸಿಕೊಂಡ. "ಅಮ್ಮ ದವಾಖಾನ್ಯಾಗ ಇದ್ದಾಗ್ಲೇ ಹೇಳಿದ್ಲು. ನಾ ಸತ್ತ ದಿನ ಆಪಾ ಜೋಳ ತರ್ತಾಳ, ಇಸಗೋಬ್ಯಾಡ ಅಂತ."

"ಯಾಕಂತ?"

"ಇರಾಕಿ ಒಬ್ಬಾಕಿ ಹೆಣ್ಣಮಗಳು, ಆಕೀನೂ ವಾಪಸ್ ಕೊಟ್ಟು ಹೋಗ್ಲೇನು ಅಂದ್ಲು."

ಇದನ್ನು ಕೇಳಿ ಎದೆ ಒಡೆಯಿತು ಎಂದು ಬರೆದರೆ ಸುಳ್ಳಾಗುತ್ತದೆ. ಚೀಲದ ಬಾಯಿಗೆ ಇನ್ನೊಂದು ಗಂಟು ಹಾಕಿ ಬಿಗಿದೆ, ಅಷ್ಟೇ ಮಾಡಿದ್ದು. ಆದರೆ ಒಂದು ಮಾತನ್ನು ಹೇಳಲೇಬೇಕು. ಅವನು ಕೈ ಚಾಚಿ ಇಸಿದುಕೊಂಡಿದ್ದರೆ ನಾನು ಏನಾಗಿರುತ್ತಿದ್ದೆ ಎಂದು ಆಗ ಮೊದಲ ಸಲ ಭಯವಾಯಿತು. ಬೆಳಗಿನಿಂದ ನನಗೆ ಅನ್ನಿಸಿದ ಒಂದೇ ಸಂಗತಿ ಅದು. ಆಕೆಯನ್ನು ಎತ್ತಿಕೊಂಡು ಹೋದರು. ಹೆಂಗಸರ ಜೊತೆ ಬಾಗಿಲಲ್ಲಿ ನಿಂತು, ಗಂಡಸರ ಬೆನ್ನು ತಿರುವಿನಲ್ಲಿ ಮರೆಯಾಗುವವರೆಗೆ ನೋಡಿದೆ. ಹೊರಡುವಾಗ ಮಗ ಬಸ್‌ಸ್ಟ್ಯಾಂಡಿನವರೆಗೆ ಬೈಕಿನಲ್ಲಿ ಬಿಟ್ಟು, ಮೂರನೆಯ ದಿನ ಸತ್ತವರಿಗಾಗಿ ಓದುವ ಫಾತಿಹಾಕ್ಕೆ ಬಾ ಎಂದ.

ಸಿಂಧನೂರು ತಲುಪಿದಾಗ ಇನ್ನೂ ಬೆಳಕಿತ್ತು. ಅವ್ವ ಹೊರಗಿನ ಕಟ್ಟೆಯ ಮೇಲೆ ಕಾಯುತ್ತಿದ್ದಳು. ಸಾವಿನ ಮನೆಯಿಂದ ಬಂದವಳಿಗೆ ತಲೆಗೆ ಎರೆಯಲು ನೀರು ಕಾಯಿಸಿ ಇಟ್ಟಿದ್ದಳು. ಮೊದಲು ನನ್ನ ಮುಖ ನೋಡಲಿಲ್ಲ, ಚೀಲ ನೋಡಿದಳು.

"ಕೊಟ್ಟಿಲ್ಲೇನು?"

"ಇಸಗೊಳ್ಳಲಿಲ್ಲ ಬೇ." ಮಗ ಹೇಳಿದ್ದನ್ನು ಇದ್ದದ್ದು ಇದ್ದ ಹಾಗೆ ಹೇಳಿದೆ.

ಅವ್ವ ಬೈಯುತ್ತಾಳೆ, ಅಂಜಿ ಎದೆ ಬಡಿದುಕೊಳ್ಳುತ್ತಾಳೆ ಎಂದು ತಿಳಿದಿದ್ದೆ. ಆಕೆ ಚೀಲದ ಗಂಟುಗಳನ್ನು ಒಂದೊಂದಾಗಿ ಬಿಚ್ಚಿದಳು. ಸೀರೆಯನ್ನು ಮಡಿಲಿಗೆ ಹಾಕಿಕೊಂಡು ಜೋಳದಲ್ಲಿ ಕೈಯಾಡಿಸಿದಳು. ಎದುರು ಮನೆಯಲ್ಲಿ ಟಿವಿ ಹಾಡುತ್ತಿತ್ತು.

"ಹಂಗಂದ್ಲಾ?" ಎಂದಳು.

"ಹೂಂ."

"ನಾಕೂ ಕಳಕೊಂಡಂಗಾತು ಬಿಡು. ಹೋಗ್ಲಿ. ಉಳಿಸಿದಾಕಿ ಆಕಿನ." ಸೀರೆಯನ್ನು ಮಡಿಲಿನಿಂದ ತೆಗೆದು ಪಕ್ಕಕ್ಕಿಟ್ಟಳು. "ನಾಡಿದ್ದ ಫಾತಿಹಾಕ್ಕ ಹೋಗುವಾಗ ಇದನ್ನ ನೀನ ಉಟ್ಕೊಂಡು ಹೋಗು."

ಆಮೇಲೆ ಗೋಡೆ ಹಿಡಿದು ಎದ್ದಳು. ನನ್ನನ್ನು ಬಚ್ಚಲ ಕಲ್ಲಿನ ಮೇಲೆ ಕೂರಿಸಿದಳು. ಜಡೆ ಬಿಚ್ಚಿದಳು. ಈ ವಯಸ್ಸಿನಲ್ಲಿ ನನ್ನ ಜಡೆಯನ್ನು ಬೇರೆಯವರು ಬಿಚ್ಚಿ ಎಷ್ಟೋ ಕಾಲವಾಗಿತ್ತು. ಮೊದಲ ತಂಬಿಗೆ ನೀರು ಹಾಕುವ ಮುನ್ನ ನೆತ್ತಿಯ ಮೇಲೆ ಕೈಯಿಟ್ಟು, ಅಮ್ಮ ಕರೆಯುತ್ತಿದ್ದ ಹಾಗೆ ಪೂರ್ತಿ ಹೆಸರು ಹಿಡಿದು ಕರೆದಳು.

"ತಿಪ್ಪಮ್ಮಾ, ನಿನ್ನ ತಾಯಿ ಸತ್ತಾಳ. ಹಿಂಗ ಕುಂದ್ರಬಾರ್ದು ಬೇ. ಅಳು."

ಹೆತ್ತವಳ ಮುಂದೆ ಕೂತು, ತಾಯಿ ಸತ್ತಳೆಂದು ಅತ್ತೆ.