ಕೆಂಪು ಬೀಜ ಸಿಗಲಿಲ್ಲವೆಂದು ಬರೆದದ್ದು

ನನ್ನ ಹಳೆಯ ದಿನಚರಿಯಲ್ಲಿ ಹೀಗೊಂದು ಬರಹವಿದೆ: "ಕೆಂಪು ಬೀಜ ತೀರಿವೆಯಂತೆ. ಹಳದಿ ತರಿಸಿದೆ. ಅಕ್ಕನೂ ಒಪ್ಪಿದಳು." ಎರಡನೆಯ ಮಹಾಯುದ್ಧ ಮುಗಿದ ಮರುವರ್ಷ, ನವರಾತ್ರಿಯ ಸುಮಾರಿಗೆ ಬರೆದದ್ದು. ಕಾಲೇಜಿನಲ್ಲಿ ಇತಿಹಾಸ ಓದಿದವನು ನಾನು. ನೆನಪಿಗಿಂತ ಬರೆದಿಟ್ಟದ್ದು ಹೆಚ್ಚು ಗಟ್ಟಿ ಎಂದು ನಂಬಿ ದಿನಚರಿ ಬರೆಯಲು ಹಿಡಿದವನು. ಈ ಮೂರು ಸಣ್ಣ ವಾಕ್ಯಗಳ ಮಟ್ಟಿಗೆ ಮಾತ್ರ ಬರಹವೇ ಸುಳ್ಳು ಹೇಳುತ್ತಿದೆ ಎಂದು ನನಗೆ ಖಾತ್ರಿಯಾಗಿದೆ. ಬರೆದವನು ನಾನೇ ಆದ್ದರಿಂದ ಬೇರೆ ಯಾರನ್ನೂ ಕೇಳುವಂತಿಲ್ಲ.

ಆಗ ನಾನು ವಿಜಾಪುರದ ಒಂದು ಹೈಸ್ಕೂಲಿನಲ್ಲಿ ಮಾಸ್ತರ. ಜೋರಾಪುರ ಪೇಟೆಯಲ್ಲಿ ಎರಡು ಕೋಣೆಯ ಬಾಡಿಗೆ ಮನೆ, ಮುಂದೆ ಗರಸು ಮಣ್ಣಿನ ಒಂದು ಪುಟ್ಟ ಅಂಗಳ. ನನಗಿನ್ನೂ ಮದುವೆಯಾಗಿರಲಿಲ್ಲ. ಅಡಿಗೆ ಮಾಡಿಹಾಕಲು ಅಕ್ಕ ಬಂದಿದ್ದಳು. ನನಗಿಂತ ಎಂಟು ವರ್ಷ ದೊಡ್ಡವಳು. ನಮ್ಮೂರು ಬಬಲೇಶ್ವರದಿಂದ ಅವಳನ್ನು ತಿಕೋಟಕ್ಕೆ ಕೊಟ್ಟಿದ್ದರು. ಗಂಡ ಬೇಗ ತೀರಿಕೊಂಡ. ಅಂದಿನಿಂದ ಅವಳ ತಲೆಗೆ ಹೂವಿಲ್ಲ, ಹಣೆಗೆ ಕುಂಕುಮವಿಲ್ಲ. ಬೆಳಿಗ್ಗೆ ದೇವರ ಹೂ ತರುವ ಕೆಲಸವನ್ನು ಸಹ ನನಗೇ ಬಿಟ್ಟಿದ್ದಳು. ತಾನು ಮುಟ್ಟಿದ ಹೂ ದೇವರಿಗೆ ಏರಬಾರದೆಂದು ಅವಳಿಗೆ ಯಾರೋ ಹೇಳಿದ್ದರು. ಹಾಗೇನಿಲ್ಲ ಎಂದು ನಾನು ಒಮ್ಮೆಯೂ ಹೇಳಿದ ನೆನಪಿಲ್ಲ.

ಪುಣೆಯ ಬೀಜದಂಗಡಿಯೊಂದರ ಪಟ್ಟಿ ನನ್ನ ಕೈಗೆ ಬಂದದ್ದು ಶಾಲೆಯ ಗೆಳೆಯರೊಬ್ಬರಿಂದ. ಇಡೀ ಪುಸ್ತಕ ಇಂಗ್ಲಿಷಿನಲ್ಲಿತ್ತು. ನಡುವೆ ಒಂದೇ ಒಂದು ಬಣ್ಣದ ಪುಟ, ಅದರ ತುಂಬ ನಸ್ಟರ್ಶಿಯಂ ಎಂಬ ಹೂವು. ನಾಲ್ಕು ಜಾತಿ: ಗೋಡೆ ಹತ್ತುವ ಬಳ್ಳಿ, ಎಸಳು ಹೆಚ್ಚಾಗಿ ಸುವಾಸನೆಯೂ ಇರುವ ಬಂಗಾರದ ಬಣ್ಣದ್ದು, ಗಿಡ್ಡ ಜಾತಿಯ ತಿಳಿಹಳದಿ, ಗಿಡ್ಡ ಜಾತಿಯದೇ ಕಡುಗೆಂಪು, ಅದರ ಎಲೆಯೂ ಕಪ್ಪುಹಸಿರು. ಅಕ್ಕ ರೊಟ್ಟಿ ಬಡಿದ ಕೈ ಒರೆಸಿಕೊಂಡು ಬಂದು ಪುಟದ ಮುಂದೆ ಕುಳಿತಳು.

"ಇವನ್ನ ದೇವರಿಗೆ ಏರಸ್ತಾರೇನು?"

"ಇಲ್ಲಕ್ಕಾ. ಇವು ಪರದೇಶದ ಹೂ."

"ಮುಡಕೋತಾರ?"

"ಯಾರೂ ಮುಡಕೊಳ್ಳಾಂಗಿಲ್ಲ. ನೋಡಾಕಷ್ಟ."

"ಹಂಗಾರ ನಂದೂ ಅದರದೂ ಜೋಡಿ ಆತು," ಎಂದು ನಕ್ಕಳು.

ಆಮೇಲೆ ಅವಳು ಒಂದೊಂದನ್ನೇ ತೆಗೆದುಹಾಕುತ್ತ ಹೋದಳು. ಬಳ್ಳಿ ಬೇಡ, ಗೋಡೆ ಮಾಲಕರದು. ವಾಸನೆಯದು ಬೇಡ, ವಾಸನೆ ಇದ್ದರೆ ಓಣಿಯ ಹುಡುಗಿಯರು ಕಿತ್ತು ಮುಡಿದುಕೊಂಡೇ ಬಿಡುತ್ತಾರೆ. ಕೊನೆಗೆ ಕಡುಗೆಂಪಿನ ಕೆಳಗೆ ಉಗುರಿನಿಂದ ಒಂದು ಗೀರು ಎಳೆದಳು. "ಇದು ಬರಲಿ. ಎಷ್ಟ ದಿನಾತು ಇಂಥಾ ಬಣ್ಣದ ಹೂವ ಮನ್ಯಾಗ ಕಂಡು."

ಈ ಮಾತುಗಳನ್ನು ಅವಳು ಹೀಗೆಯೇ ಆಡಿದಳೋ, ಇಷ್ಟು ವರ್ಷಗಳಲ್ಲಿ ನಾನೇ ಅವಕ್ಕೆ ಒಪ್ಪ ಕೊಟ್ಟಿದ್ದೇನೋ ಹೇಳಲಾರೆ. ಉಗುರಿನ ಗೀರು ಮಾತ್ರ ನಿಜ. ಆ ಪಟ್ಟಿ ಈಗಲೂ ನನ್ನ ಟ್ರಂಕಿನಲ್ಲಿದೆ. ಪುಟವನ್ನು ಬೆಳಕಿಗೆ ಓರೆಯಾಗಿ ಹಿಡಿದರೆ ಗೀರು ಕಾಣುತ್ತದೆ.

ಅದೇ ವಾರ ಮನೆ ಮಾಲಕರ ತಾಯಿ ನನ್ನನ್ನು ಬಾಗಿಲಲ್ಲಿ ತಡೆದಳು. ಓಣಿಯ ಸುದ್ದಿಯೆಲ್ಲ ಅವಳ ಕಟ್ಟೆಯ ಮೇಲಿಂದಲೇ ಹಾದುಹೋಗಬೇಕು. "ಮಾಸ್ತರ್ರ, ನಿಮ್ಮಕ್ಕನ ಸೀರಿ ದಡಿ ಬಾಳ ಕೆಂಪ ಐತೆಲ್ಲರಿ. ತಿಕೋಟಿ ಕಡೆ ಹಂಗ ಉಟಗೋತಾರೇನು?" ಎಂದಳು. ನನ್ನ ನೆನಪಿನಲ್ಲಿ ಆ ದನಿ ಚುಚ್ಚುವ ದನಿ. ಸುಮ್ಮನೆ ತಿಳಿಯಲು ಕೇಳಿದ್ದರೂ ಇರಬಹುದು. ಅದು ಅಕ್ಕನ ಹಳೆಯ ಕೆಂಪಂಚಿನ ಇಳಕಲ್ಲ ಸೀರೆ. ಮರುದಿನದಿಂದ ಅವಳು ಅದನ್ನು ಉಡಲಿಲ್ಲ. ಆ ಮಾತು ಕಿವಿಗೆ ಬಿದ್ದಿತ್ತೋ, ಸೀರೆಯೇ ಜಾಳಾಗಿತ್ತೋ, ನಾನು ಕೇಳಲಿಲ್ಲ.

ಶಾಲೆಯಲ್ಲಿ ಕುಳಿತು ಪುಣೆಗೆ ಕಾರ್ಡು ಬರೆದೆ. ಕೆಂಪು ಎಂದು ಬರೆಯಬೇಕಾದಲ್ಲಿ ತಿಳಿಹಳದಿ ಎಂದು ಬರೆದೆ. ಅಂಗಳದ ತುಂಬ ಕೆಂಪು ಹೂ ಅರಳಿದರೆ ಓಣಿಯವರು ಅಕ್ಕನ ಕಡೆ ಬೆರಳು ತೋರಿಸುತ್ತಾರೆ, ನಾನು ಅವಳನ್ನು ಆ ಮಾತಿನಿಂದ ಕಾಯುತ್ತಿದ್ದೇನೆ ಎಂದು ನನಗೆ ನಾನೇ ಹೇಳಿಕೊಂಡೆ. ಈಗ ಅನಿಸುತ್ತದೆ, ಕಾಯುತ್ತಿದ್ದದ್ದು ನನ್ನನ್ನೇ. ಕಟ್ಟೆಯ ಮುಂದೆ ತಲೆ ತಗ್ಗಿಸಿ ಹಾದುಹೋಗುವುದು ಬೇಡವಾಗಿತ್ತು.

ಬೀಜ ಬಂದ ದಿನ ಅಕ್ಕನಿಗೆ ಹೇಳಿದೆ, "ಕೆಂಪು ತೀರ್ಯಾವಂತ."

"ಯಾರಂದ್ರು?"

"ಪುಣೆದವರು ಪತ್ರ ಹಾಕ್ಯಾರ."

"ಹಂಗಾರ ಹಳದೀನ ಆಗಲಿ ತಗೋ. ಅದೂ ಹೂವ ಅಲ್ಲ," ಎಂದಳು. ಅಂದು ಸಂಜೆಯೇ ನಾನು ದಿನಚರಿ ಬರೆದಿರಬೇಕು. ನನಗೆ ಬಂದ ಕಾಗದಗಳನ್ನೆಲ್ಲ ತಂತಿಗೆ ಸಿಕ್ಕಿಸಿಡುವ ಅಭ್ಯಾಸ ಆಗಲೂ ಇತ್ತು. ಆ ವರ್ಷದ ಕಾಗದಗಳಲ್ಲಿ ಪುಣೆಯ ಪತ್ರವಿಲ್ಲ. ಬಂದಿದ್ದರಲ್ಲವೇ ಇರುವುದು.

ಒಣಗಿದ ಬಟಾಣಿಯಷ್ಟು ದಪ್ಪದ, ಸುಕ್ಕುಗಟ್ಟಿದ ಬೀಜಗಳು. ಅಕ್ಕ ಒಂದು ರಾತ್ರಿ ನೆನೆಹಾಕಿ, ಬೆರಳಿನಿಂದ ಕುಣಿ ಮಾಡಿ ಒಂದೊಂದನ್ನೇ ಊರಿದಳು. ಬಬಲೇಶ್ವರದ ಹೊಲದಿಂದ ಒಂದು ಚೀಲ ಎರೆಮಣ್ಣು ತರಿಸಲೇ ಎಂದು ಕೇಳಿದಳು. ಬಡ ಮಣ್ಣಿನಲ್ಲಿಯೇ ಇದು ಹೆಚ್ಚು ಹೂ ಬಿಡುತ್ತದೆಂದು ಪಟ್ಟಿಯಲ್ಲಿ ಓದಿ ಹೇಳಿದೆ. "ಶಾಣ್ಯಾ ಹೂವು," ಎಂದಳು. ಮುಸುರೆ ನೀರು ಹೊಯ್ದು ಬೆಳೆಸಿದಳು. ತಾವರೆ ಎಲೆಯಂತಹ ಪುಟ್ಟ ದುಂಡು ಎಲೆಗಳು ಬಂದವು. ಅವುಗಳನ್ನು ಕಚ್ಚಿ ನೋಡಿ ಮೂಲಂಗಿಯ ಘಾಟು ಕಂಡಮೇಲೆ ರೊಟ್ಟಿಯ ಜೊತೆಗೆ ಹಸಿ ತಪ್ಪಲವಾಗಿ ನನ್ನ ತಾಟಿಗೂ ಹಾಕಿದಳು.

ಸಂಕ್ರಾಂತಿಯ ಹೊತ್ತಿಗೆ ಅಂಗಳವೆಲ್ಲ ತಿಳಿಹಳದಿ. ಆದರೆ ಮೂಲೆಯ ಒಂದು ಗಿಡದ ಎಲೆ ಬೇರೆಯಾಗಿತ್ತು. ಅದನ್ನು ಕಂಡವಳು ಅಕ್ಕ. "ತಮ್ಮಾ, ಇದರ ಎಲಿ ಕಪ್ಪಗ ಐತಿ," ಎಂದಳು. ಚಿತ್ರದಲ್ಲಿ ಕೆಂಪಿಗೆ ಎಂಥ ಎಲೆ ಇತ್ತೆಂಬುದು ಅವಳಿಗೆ ನೆನಪಿತ್ತು. ಅಂದಿನಿಂದ ಮುಸುರೆ ನೀರು ಮೊದಲು ಆ ಮೂಲೆಗೆ. ನಾಲ್ಕಾರು ದಿನಕ್ಕೆ ಅದು ಅರಳಿತು. ಹಳದಿ ಪೊಟ್ಟಣದಲ್ಲಿ ತಪ್ಪಿ ಸೇರಿಕೊಂಡಿದ್ದ ಒಂದು ಕೆಂಪು ಬೀಜ.

"ಪುಣೆದವರ ಕಡೆ ತೀರಿದ್ದು ನಮ್ಮ ಅಂಗಳದಾಗ ಬಂದೈತಿ ನೋಡು," ಎಂದಳು. ಹಾಸ್ಯವೋ, ಕುಟುಕೋ? ಅವಳ ಮುಖ ನೋಡಿದ್ದರೆ ತಿಳಿಯುತ್ತಿತ್ತು. ನಾನು ಹೂವನ್ನು ನೋಡಿದೆ.

ಎರಡು ದಿನ ಬಿಟ್ಟು ಮಾಲಕರ ತಾಯಿ ಕೋಲೂರುತ್ತ ಅಂಗಳಕ್ಕೇ ಬಂದಳು. ಮುದುಕಿ ಬಗ್ಗಿ ನೋಡಿ, "ಈ ಒಂದರಾಗ ಜೀವ ಐತಿ ನೋಡವಾ. ಉಳದಾವಕ್ಕೆಲ್ಲ ಕಾಮಾಲಿ ಆದಂಗ ಐತಿ. ಎಲ್ಲಾ ಇಂಥಾವ ಹಚ್ಚಬೇಕಿಲ್ಲೇನ?" ಎಂದಳು.

"ಸಿಗಲಿಲ್ಲಂತರಿ," ಎಂದಳು ಅಕ್ಕ. ನಾನು ಪಕ್ಕದಲ್ಲಿಯೇ ನಿಂತಿದ್ದೆ.

ಬೇಸಿಗೆ ಹಿಡಿಯುವ ಮೊದಲು ಅಕ್ಕ ಆ ಕೆಂಪು ಗಿಡದ ಬೀಜಗಳನ್ನಷ್ಟೇ ಆರಿಸಿ ಒಣಗಿಸಿ ಅರಿವೆಯ ಚೂರಿನಲ್ಲಿ ಗಂಟು ಕಟ್ಟಿಟ್ಟಳು. ಹಳದಿಯ ಬೀಜ ಹಾಗೆಯೇ ಉದುರಿ ಹೋದವು. ಕಾರಹುಣ್ಣಿವೆಯ ಹೊತ್ತಿಗೆ ತಿಕೋಟದಿಂದ ಕರೆ ಬಂತು. ಅವಳ ಅತ್ತೆ ಜಾರಿ ಬಿದ್ದು ಹಾಸಿಗೆ ಹಿಡಿದಿದ್ದಳು. ನೋಡಿಕೊಳ್ಳಲು ಸೊಸೆ ಬೇಕಾಗಿತ್ತು. ಅಕ್ಕ ಒಂದು ಟ್ರಂಕು, ಆ ಗಂಟು ತೆಗೆದುಕೊಂಡು ಹೋದಳು. ಆ ವರ್ಷ ಪುಣೆಯಿಂದ ಕೆಂಪು ಬೀಜ ತರಿಸಿ ಕಳಿಸಬೇಕೆಂದು ಎಷ್ಟೋ ಸಲ ಕಾರ್ಡು ಕೈಗೆ ತೆಗೆದುಕೊಂಡೆ, ಬರೆಯಲಿಲ್ಲ. ಈ ಸಲ ಸಿಕ್ಕವೆಂದು ಹೇಳಿದರೆ ಹೋದ ಸಲದ ಸುಳ್ಳನ್ನು ಇನ್ನೊಮ್ಮೆ ಹೇಳಿದಂತೆ. ನಿಜ ಹೇಳಿ ಕಳಿಸಬಹುದಿತ್ತು. ಅದು ಆಗ ಹೊಳೆಯಲಿಲ್ಲ ಎಂದು ಬರೆಯಲು ಹೊರಟಿದ್ದೆ, ಹೊಳೆದಿತ್ತು.

ಚಳಿಗಾಲದಲ್ಲಿ ಮೋಟಾರು ಹತ್ತಿ ತಿಕೋಟಕ್ಕೆ ಹೋದೆ. ಅಕ್ಕ ನನ್ನನ್ನು ಹಿತ್ತಲಿಗೆ ಕರೆದೊಯ್ದಳು. ನೀರಿನ ಬಾನಿಯ ಬದಿಗೆ ನಸ್ಟರ್ಶಿಯಂ ಸಾಲು. ಒಂದೂ ಆ ಕೆಂಪಲ್ಲ. ಕೆಲವು ಹಳದಿ, ಕೆಲವು ಇಟ್ಟಂಗಿಯ ಮಾಸಿದ ಬಣ್ಣ.

"ಕೆಂಪು ಗಿಡದ್ದಷ್ಟ ಆರಿಸಿ ಇಟ್ಟಿದ್ದೆ. ಹಿಂಗ್ಯಾಕ ಬಂದಾವ ತಮ್ಮಾ? ನೀ ಓದಿದಾಂವ."

ನನಗೆ ಗೊತ್ತಿತ್ತು. ಜೇನುನೊಣ ಹಳದಿ ಹೂವಿನ ಪರಾಗವನ್ನು ಕೆಂಪಿಗೆ ತಂದು ಹಾಕುತ್ತದೆ, ಸುತ್ತಲೂ ಹಳದಿಯೇ ಇದ್ದಾಗ ಬೀಜದಲ್ಲಿ ಬಣ್ಣ ಬೆರೆಯುತ್ತದೆ ಎಂದು ವರ್ಗದಲ್ಲಿ ಪಾಠ ಹೇಳುವವನಂತೆ ವಿವರಿಸಿದೆ. ಅವಳು ಪೂರ್ತಿ ಕೇಳಿದಳು.

"ಅಂದ್ರ ಸುತ್ತ ಹಳದಿ ಹಚ್ಚದಿದ್ರ ಇವು ಕೆಂಪ ಬರತಿದ್ದು."

"ಹೌದು," ಎಂದೆ.

ಅವಳು ಇನ್ನೂ ಏನೋ ಬರುತ್ತದೆಂಬಂತೆ ನಿಂತಳು. ಒಳಗಿನಿಂದ ಅತ್ತೆ ನೀರಿಗೆ ಕರೆದಳು. "ಬಂದ್ನಿರಿ," ಎಂದು ಹೋದಳು.

ಅಕ್ಕ ಆಮೇಲೆ ಇಪ್ಪತ್ತು ವರ್ಷಕ್ಕಿಂತ ಹೆಚ್ಚು ಬದುಕಿದಳು. ಹೂವಿನ ಮಾತು ನಮ್ಮಿಬ್ಬರ ನಡುವೆ ಮತ್ತೆ ಬರಲಿಲ್ಲ. ತಿಕೋಟಕ್ಕೆ ಹೋದ ಆ ದಿನದ ದಿನಚರಿಯನ್ನು ಈಗ ತೆಗೆದು ನೋಡಿದೆ: "ತಿಕೋಟಕ್ಕೆ ಹೋಗಿ ಬಂದೆ. ಅಕ್ಕ ಆರಾಮ ಇದ್ದಾಳೆ. ಹಿತ್ತಲಲ್ಲಿ ಹೂ ಚೆನ್ನಾಗಿ ಬಂದಿವೆ."